ಸುದ್ದಿಯ ನಡುವೆ ಹಾದುಹೋದ ಗೂಡ್ಸ್ ಗಾಡಿ

೨೦೨೩ರ ಡಿಸೆಂಬರ್ ೧೪, ಗುರುವಾರ. ಆಧಾರ: ಚಿತ್ತಾಪುರದ ನಮ್ಮ ಅಡುಗೆಮನೆಯಲ್ಲಿ ತೂಗುಬಿದ್ದಿರುವ ಗೋಡೆ ಕ್ಯಾಲೆಂಡರ್. ಆ ದಿನದ ಚೌಕದಲ್ಲಿ ನನ್ನ ಹೆಂಡತಿ ಪೆನ್ಸಿಲಿನಿಂದ ‘ಸಿಲಿಂಡರ್ ಬಂತು’ ಎಂದು ಬರೆದಿದ್ದಾಳೆ. ವಾಡಿಯ ಒಂದು ಪುಟ್ಟ ಕೇಬಲ್ ವಾಹಿನಿ ತನ್ನ ಬಾಳಿನಲ್ಲಿ ಮೊದಲ ಬಾರಿಗೆ, ಈಗ ಖಚಿತವಾಗಿ ಹೇಳಬಹುದಾದಂತೆ ಕೊನೆಯ ಬಾರಿಗೂ, ಸುದ್ದಿಯನ್ನು ನೇರವಾಗಿ ಪ್ರಸಾರ ಮಾಡಿದ್ದು ಅದೇ ದಿನ. ಆ ಸಂಗತಿಯನ್ನು ಕ್ಯಾಲೆಂಡರಿನಲ್ಲಿ ಯಾರೂ ಬರೆದಿಟ್ಟಿಲ್ಲ. ಎರಡೂ ಒಂದೇ ದಿನ ಘಟಿಸಿದವೆಂದು ಹೇಗೆ ಬಲ್ಲೆನೆಂದರೆ, ಪ್ರಸಾರ ಮುಗಿಸಿಕೊಂಡು ಮನೆಗೆ ಬಂದಾಗ ತುಂಬಿದ ಸಿಲಿಂಡರ್ ಇನ್ನೂ ಅಂಗಳದಲ್ಲೇ ನಿಂತಿತ್ತು. ಅದನ್ನು ಒಳಗೆ ಉರುಳಿಸಿಕೊಂಡು ಹೋಗುತ್ತಲೇ ನಾವಿಬ್ಬರೂ ಆ ಪ್ರಸಾರದ ಬಗ್ಗೆ ಜಗಳವಾಡಿದೆವು. ಜಗಳ ಇನ್ನೂ ಮುಗಿದಿಲ್ಲವಾದ್ದರಿಂದ ಅದು ಆರಂಭವಾದ ದಿನಾಂಕದ ಮಟ್ಟಿಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ.

ನನ್ನ ಸೇವಾವಧಿ ಕಳೆದದ್ದು ಶಾಸನಗಳ ಕಾಲನಿರ್ಣಯದಲ್ಲಿ. ಶಕವರ್ಷ, ಸಂವತ್ಸರ, ತಿಥಿ, ವಾರ ಒಂದಕ್ಕೊಂದು ಹೊಂದದಿದ್ದರೆ ಕಲ್ಲಿನ ಮಾತನ್ನೂ ನಂಬದಿರುವುದು ಆ ಕೆಲಸದ ಶಿಸ್ತು. ನಿವೃತ್ತನಾದ ಮೇಲೆ ಆ ಶಿಸ್ತನ್ನು ಎಲ್ಲಿ ಪ್ರಯೋಗಿಸುವುದೆಂದು ತೋಚದೆ ಕೆಲಕಾಲ ಮದುವೆ ಪತ್ರಿಕೆಗಳ ತಿಥಿಯನ್ನೂ ವಾರವನ್ನೂ ತಾಳೆ ನೋಡುತ್ತಿದ್ದೆ. ತಪ್ಪು ಸಿಕ್ಕಾಗ ವಧುವಿನ ತಂದೆಗೆ ಫೋನ್ ಮಾಡಿ ತಿಳಿಸುತ್ತಿದ್ದೆ. ಬಂಧುಗಳು ನಮಗೆ ಪತ್ರಿಕೆ ಕೊಡುವುದನ್ನು ಕಡಿಮೆ ಮಾಡಿದ ಹೊತ್ತಿಗೆ ವಾಡಿಯಿಂದ ಆ ವಾಹಿನಿಯ ಮಾಲೀಕ ಮನೆಗೆ ಬಂದ. ಅವನದು ಕೆಳಗೆ ಝೆರಾಕ್ಸ್ ಅಂಗಡಿ, ಮೇಲೆ ವಾಹಿನಿ. ಕ್ಯಾಮೆರಾ ಹಿಡಿಯುವವನೂ ಅವನೇ, ಚಿತ್ರ ಕತ್ತರಿಸಿ ಜೋಡಿಸುವವನೂ ಅವನೇ. ಹಿಂದಿನ ವಾರವಷ್ಟೇ ಅವನ ವಾಹಿನಿ ಒಬ್ಬ ಹಿರಿಯರ ಪುಣ್ಯತಿಥಿಯಂದು ಅವರಿಗೆ ನೂರು ವರ್ಷ ಬಾಳಿರೆಂದು ಹುಟ್ಟುಹಬ್ಬದ ಶುಭಾಶಯ ಕೋರಿಬಿಟ್ಟಿತ್ತು. ಆ ಮನೆಯವರು ಅಂಗಡಿಗೆ ಬಂದು ಹೇಳಿದ ಮಾತುಗಳನ್ನು ಅವನು ನನ್ನೆದುರು ಪೂರ್ತಿ ಪುನರುಚ್ಚರಿಸಲಿಲ್ಲ.

“ಸರ್ರ, ತಾರೀಖು ಒಂದು ನೀವು ನೋಡ್ರಿ. ಉಳಿದದ್ದು ದೇವರು ನೋಡ್ಕೋತಾನ,” ಎಂದ.

ಹೀಗೆ ನಾನು ಪ್ಯಾಸೆಂಜರ್ ಗಾಡಿಯಲ್ಲಿ ಚಿತ್ತಾಪುರದಿಂದ ವಾಡಿಗೆ ಹೋಗಿಬರಲು ತೊಡಗಿದೆ. ವಾಹಿನಿಯ ವ್ಯಾಪ್ತಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ. ಸೇಡಂ ಮಾರುಕಟ್ಟೆಯ ತೊಗರಿ ಧಾರಣೆ, ಶಹಾಬಾದಿನಲ್ಲಿ ನಳಕ್ಕೆ ನೀರು ಬಿಡುವ ದಿನ, ಚಿಂಚೋಳಿ ಬಸ್ಸು ಕೆಟ್ಟು ನಿಂತ ಜಾಗ, ಕುರಕುಂಟಾ ಕಡೆಯ ಲಾರಿಗಳ ಧೂಳು, ಹುಟ್ಟುಹಬ್ಬ, ನಿಧನ, ಸುದ್ದಿಯೆಂದರೆ ಇಷ್ಟು. ಇಷ್ಟರಲ್ಲೇ ನನ್ನ ಶಿಸ್ತಿನ ಪ್ರಭಾವ ಬಹುಬೇಗ ಕಾಣಿಸಿಕೊಂಡಿತು. ಒಂದು ಸಂಜೆ ವಾಹಿನಿ, ‘ನಿನ್ನೆ ಸೇಡಂನಲ್ಲಿ ಮಳೆಯಾಗಿದ್ದು, ಇದಕ್ಕೆ ಇಬ್ಬರು ಪ್ರತ್ಯಕ್ಷದರ್ಶಿಗಳಿದ್ದಾರೆ’ ಎಂದು ಬಿತ್ತರಿಸಿತು. ಸೇಡಂನ ಜನ ತಮ್ಮ ಊರಿನ ಮಳೆಯನ್ನು ಅನುಮಾನಿಸಿದ ವಾಹಿನಿಯ ಮೇಲೆ ಕೆಲವು ದಿನ ಮುನಿಸಿಕೊಂಡಿದ್ದರು.

ಆ ವಾಕ್ಯವನ್ನು ಮುಖದ ಒಂದು ಗೆರೆಯೂ ಕದಲದಂತೆ ಓದಿದ ನಿರೂಪಕಿಯೇ ಈ ಬರಹದ ವಿಷಯ.

ಅವಳು ಶಹಾಬಾದಿನವಳು. ತಂದೆಗೆ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಾಕುವ ಕೆಲಸ. ಮನೆಯ ಮಾತು ದಖನಿ ಉರ್ದು, ಓಣಿಯ ಮಾತು ನಮ್ಮ ಕನ್ನಡ, ಪರದೆಯ ಮೇಲೆ ಮಾತ್ರ ಪಠ್ಯಪುಸ್ತಕದ ಕನ್ನಡ. ಮೂರನ್ನೂ ಅವಳು ಮೂರು ಜೊತೆ ಚಪ್ಪಲಿಗಳಂತೆ ಬಾಗಿಲಲ್ಲಿ ಬಿಟ್ಟು, ಬೇಕಾದುದನ್ನು ಮೆಟ್ಟಿಕೊಂಡು ಹೋಗುತ್ತಿದ್ದಳು. ಮೂರನೆಯದನ್ನು ಕೊಟ್ಟವರು ಅವಳ ಶಾಲೆಯ ಕನ್ನಡ ಮಾಸ್ತರರು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಸಾಲಾಗಿ ನಿಂತ ಮಕ್ಕಳೆದುರು ಪತ್ರಿಕೆಯ ಮುಖ್ಯ ಸುದ್ದಿ ಓದುವ ಪದ್ಧತಿ ಆ ಶಾಲೆಯಲ್ಲಿತ್ತು. ಮಾಸ್ತರರು ಆ ಕೆಲಸವನ್ನು ತರಗತಿಯಲ್ಲಿ ಅತಿ ಹೆಚ್ಚು ಗಲಾಟೆ ಮಾಡುವವರಿಗೆ ಶಿಕ್ಷೆಯಾಗಿ ಕೊಡುತ್ತಿದ್ದರಂತೆ. ಅವಳು ಪ್ರೌಢಶಾಲೆಯ ಮೂರು ವರ್ಷವೂ ಆ ಶಿಕ್ಷೆಯನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.

ಮುಂದೆ ಅವಳ ಧ್ವನಿಗೆ ಮೊದಲು ಕೆಲಸ ಕೊಟ್ಟದ್ದು ಊರ ಕಸದ ಗಾಡಿ. ಹಸಿ ಕಸ ಬೇರೆ, ಒಣ ಕಸ ಬೇರೆ ಎಂದು ಓಣಿ ಓಣಿಯಲ್ಲಿ ಹೇಳುತ್ತ ಬರುವ ಮುದ್ರಿತ ದನಿ ಅವಳದೇ. ಆಮೇಲೆ ವಾಡಿಯ ವಾಹಿನಿಗೆ ಸೇರಿದಾಗ ಇದೊಂದು ತೊಡಕಾಯಿತು. ಸಂಜೆಯ ಸುದ್ದಿ ಶುರುವಾದೊಡನೆ ಕೆಲವು ಮನೆಗಳಲ್ಲಿ ಸೊಸೆಯಂದಿರು ಅಭ್ಯಾಸಬಲದಿಂದ ಬಕೆಟ್ ಹಿಡಿದು ಹೊರಗೆ ಬರುತ್ತಿದ್ದರೆಂದು ಅವಳೇ ಹೇಳುತ್ತಿದ್ದಳು. ಇದಕ್ಕೆ ಸ್ವತಂತ್ರ ಆಧಾರ ನನಗೆ ಸಿಕ್ಕಿಲ್ಲ. ಹಾಗೆಂದು ನಾನು ಹೇಳಿದಾಗ ಅವಳು, “ಕಾಕಾ, ನಾ ನಿಮ್ಮ ಎದುರಿಗೆ ಕುಂತೀನಿ ಅನ್ನೋದಕ್ಕಾದ್ರೂ ಆಧಾರ ಅದನೋ ಇಲ್ಲೋ?” ಎಂದು ಕೇಳಿದ್ದಳು.

ಈಗ ರೈಲಿನ ವಿಷಯ. ವಾಡಿ ಜಂಕ್ಷನ್ನಿನ ಹಳಿಗಳಿಂದ ಕೂಗಳತೆಯ ದೂರದಲ್ಲಿತ್ತು ಆ ಸ್ಟುಡಿಯೋ. ಸುದ್ದಿಯನ್ನು ಮಧ್ಯಾಹ್ನ ಮುದ್ರಿಸಿಕೊಂಡು ಸಂಜೆ ಬಿತ್ತರಿಸುತ್ತಿದ್ದರು. ಮುದ್ರಣದ ನಡುವೆ ಗಾಡಿ ಬಂದರೆ ಅವಳು ಇದ್ದಲ್ಲೇ ನಿಲ್ಲಿಸಬೇಕು. ಗಾಡಿ ದಾಟಿದ ಮೇಲೆ ಬಿಟ್ಟ ಅಕ್ಷರದಿಂದ ಮುಂದುವರಿಸಬೇಕು. ಮಾಲೀಕ ನಡುವಿನ ತುಂಡನ್ನು ತೆಗೆದು ಎರಡು ತುದಿಗಳನ್ನು ಜೋಡಿಸುತ್ತಿದ್ದ. ಇದರಲ್ಲಿ ಒಂದೇ ಕಟ್ಟಳೆ: ಮಾತು ನಿಂತಾಗ ಕುತ್ತಿಗೆ ಅಲುಗಬಾರದು. ಅಲುಗಿದರೆ ಜೋಡಿಸಿದ ಜಾಗದಲ್ಲಿ ಚಿತ್ರ ಎಗರಿ, ನಿರೂಪಕಿಗೆ ಬಿಕ್ಕಳಿಕೆ ಬಂದಂತೆ ಕಾಣುತ್ತದೆ. ‘ಸಚಿವರು ನಾಳೆ ಚಿಂಚೋಳಿಗೆ’ ಎಂದು ನಿಲ್ಲಿಸಿ, ಸಿಮೆಂಟ್ ಕಾರ್ಖಾನೆಗೆ ಹೋಗುವ ಕಲ್ಲಿದ್ದಲಿನ ಗಾಡಿ ತನ್ನ ಬಾಲವನ್ನೆಲ್ಲ ಎಳೆದುಕೊಂಡು ಹೋಗುವವರೆಗೆ ಹಾಗೆಯೇ ಕುಳಿತು, ‘ಆಗಮಿಸಲಿದ್ದಾರೆ’ ಎಂದು ಅದೇ ಸ್ವರದಲ್ಲಿ ಮುಗಿಸುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮೂಗಿನ ಮೇಲೆ ನೊಣ ಕೂತಾಗಲೂ ಆ ಕುತ್ತಿಗೆ ಕದಲಿದ್ದಿಲ್ಲ. ಗರ್ಭಗುಡಿಯ ಮುಂದಿನ ದ್ವಾರಪಾಲಕರಲ್ಲಿ ಮಾತ್ರ ನಾನು ಅಂಥ ಕುತ್ತಿಗೆಗಳನ್ನು ನೋಡಿದ್ದೆ.

ಕ್ರಮೇಣ ಅವಳು ಗಾಡಿಯ ಸದ್ದು ಕಿವಿಗೆ ಬೀಳುವ ಮುನ್ನವೇ ನಿಲ್ಲಿಸಲು ಕಲಿತಳು. ಮೇಜಿನ ಮೇಲೆ ಒಂದು ಗಾಜಿನ ಲೋಟದಲ್ಲಿ ನೀರಿಟ್ಟಿರುತ್ತಿದ್ದರು. ಗಾಡಿ ಇನ್ನೂ ದೂರವಿರುವಾಗಲೇ ಆ ನೀರು ಸಣ್ಣಗೆ ನಡುಗುತ್ತಿತ್ತು. ಅವಳ ಕಣ್ಣಂಚು ಅದರ ಮೇಲೆ. ಈ ಅಭ್ಯಾಸ ಮನೆಯವರೆಗೂ ಹೋಯಿತು. ಊಟದ ನಡುವೆ ರೈಲು ಕೂಗಿದರೆ ಮಗಳು ತುತ್ತು ಎತ್ತಿದ ಕೈಯನ್ನು ಹಾಗೆಯೇ ಹಿಡಿದು ಕೂರುತ್ತಾಳೆ, ಯಾವುದಾದರೂ ಗಾಳಿ ಸೋಕಿರಬಹುದೇ ಎಂದು ಅವಳ ತಾಯಿ ಒಮ್ಮೆ ನನ್ನನ್ನು ದಖನಿಯಲ್ಲಿ ಕೇಳಿದ್ದರು. ಅದು ಸೆಂಟ್ರಲ್ ರೈಲ್ವೆಯ ಗಾಳಿ ಎಂದು ನಾನು ಸಮಾಧಾನ ಹೇಳಿದ್ದೆ.

ಆ ವರ್ಷದ ಕೊನೆಯ ಹೊತ್ತಿಗೆ ವಾಹಿನಿಯ ಉಸಿರು ಸಣ್ಣದಾಗಿತ್ತು. ಜನ ಕೇಬಲ್ ಬಿಡಿಸಿ ಮೊಬೈಲಿನಲ್ಲಿ ಎಲ್ಲವನ್ನೂ ನೋಡತೊಡಗಿದ್ದರು. ಬರುವ ಯುಗಾದಿಯ ಹೊತ್ತಿಗೆ ಮೇಲಿನ ಕೋಣೆಗೆ ಬೀಗ ಹಾಕಿ, ಝೆರಾಕ್ಸ್ ಒಂದನ್ನೇ ನಡೆಸುವುದಾಗಿ ಮಾಲೀಕ ನಿರ್ಧರಿಸಿದ. ಆದರೆ ನಿರೂಪಕಿಯನ್ನು ಹಾಗೆಯೇ ಕೈಬಿಡಲು ಅವನಿಗೆ ಮನಸ್ಸಾಗಲಿಲ್ಲ. ಕಲಬುರಗಿಯ ಒಂದು ದೊಡ್ಡ ವಾಹಿನಿಯ ಮುಖ್ಯಸ್ಥರಿಗೆ ಹೇಳಿ ಹೇಳಿ, ಕೊನೆಗೆ ಅವರು ಬಂದು ಅವಳ ಓದನ್ನು ನೋಡಲು ಒಪ್ಪುವಂತೆ ಮಾಡಿದ. ಅವರದು ಒಂದೇ ಷರತ್ತು: ಮುದ್ರಿಸಿದ್ದನ್ನು ತೋರಿಸುವಂತಿಲ್ಲ, ಸುದ್ದಿ ನೇರ ಪ್ರಸಾರವಾಗಬೇಕು, ತಡವರಿಸದೆ ಓದಿದರೆ ಕೆಲಸ.

ಅಂದು ಬೆಳಿಗ್ಗೆ ಅವಳು ಶಹಾಬಾದಿನಿಂದಲೂ ನಾನು ಚಿತ್ತಾಪುರದಿಂದಲೂ ಬಂದಿಳಿದು ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಕೂಡಿಕೊಂಡೆವು. ದಿನವೂ ನನ್ನ ಕೊಡೆಯನ್ನು ಗೇಲಿ ಮಾಡುತ್ತಿದ್ದವಳು ಅಂದು ಮಾಡಲಿಲ್ಲ.

“ಕಾಕಾ, ಇದು ಆಗಲಿಲ್ಲಂದ್ರ ನಾ ಮತ್ತ ಕಸದ ಗಾಡ್ಯಾಗ ಹೋಗಬೇಕು,” ಎಂದಳು. “ಈ ಸಲ ಅಲ್ಲೂ ನನ್ನ ದನಿ ಹಳೀದಾಗ್ಯದ ಅಂತಾರ.”

ನಾನು ಧೈರ್ಯ ಹೇಳಿ, ಒಂದು ಎಚ್ಚರಿಕೆಯನ್ನೂ ಕೊಟ್ಟೆ. ನೇರ ಪ್ರಸಾರದಲ್ಲಿ ಕತ್ತರಿಸಿ ಜೋಡಿಸುವುದಕ್ಕೆ ಆಸ್ಪದವಿಲ್ಲ. ಗಾಡಿ ಬಂದರೂ ನಿಲ್ಲಬೇಡ, ಓದುತ್ತ ಹೋಗು ಎಂದೆ. ತಲೆಯಾಡಿಸಿದಳು. ಆದರೆ ಇಷ್ಟು ವರ್ಷದ ಅಭ್ಯಾಸವನ್ನು ಒಂದು ತಲೆಯಾಟ ಗೆಲ್ಲುವುದೇ ಎಂಬ ಅನುಮಾನ ನನಗಿತ್ತು. ಈ ಅನುಮಾನವೇ ಮುಂದಿನ ನನ್ನ ಎಲ್ಲ ತೀರ್ಮಾನಗಳ ತಳಪಾಯವಾಯಿತೆಂಬುದನ್ನು ಓದುಗರು ಗಮನಿಸಬೇಕು.

ಕಲಬುರಗಿಯ ಮುಖ್ಯಸ್ಥರು ಮಧ್ಯಾಹ್ನವೇ ಬಂದರು. ಮೊದಲು ಮೇಜನ್ನು ನೋಡಿ ಮುಖ ಸಿಂಡರಿಸಿದರು, ಆಮೇಲೆ ಸುದ್ದಿಯ ಹಾಳೆಗಳನ್ನು ತರಿಸಿಕೊಂಡು ಕೆಂಪು ಪೆನ್ನು ಬಿಚ್ಚಿದರು. ಅಂದಿನ ಸುದ್ದಿಗಳಲ್ಲಿ ಒಂದು ನಿಧನವಾರ್ತೆಯಿತ್ತು. ತೀರಿಕೊಂಡವರು ಅವಳ ಆ ಕನ್ನಡ ಮಾಸ್ತರರು. ನಿವೃತ್ತಿಯ ನಂತರ ಚಿಂಚೋಳಿ ತಾಲೂಕಿನ ತಮ್ಮ ಹಳ್ಳಿಗೆ ಹೋಗಿ ನೆಲೆಸಿದ್ದ ಅವರು ಹಿಂದಿನ ದಿನ ತೀರಿಕೊಂಡಿದ್ದರು. ಅವಳು ಅವರ ಬಗ್ಗೆ ಒಂದಿಷ್ಟು ವಾಕ್ಯಗಳನ್ನು ತಾನೇ ಬರೆದುಕೊಂಡು ಬಂದಿದ್ದಳು: ಅವರ ಪಾಠ, ಅವರ ಸೈಕಲ್ಲು, ಪ್ರಾರ್ಥನೆಯ ಹೊತ್ತಿನ ಪತ್ರಿಕೆ. ಮುಖ್ಯಸ್ಥರು ಮೊದಲ ವಾಕ್ಯವನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ಹೊಡೆದುಹಾಕಿದರು.

“ಸತ್ತವರಿಗೆ ಒಂದು ಸಾಲು. ನಮ್ಮ ಚಾನೆಲ್‌ನ್ಯಾಗ ಹಂಗ ಅದ. ದುಃಖ ಮಾಡೋದು ಮನಿಯವರ ಕೆಲಸ, ನಮ್ಮದಲ್ಲ.”

ಅವಳು ಹಾಳೆಯನ್ನು ತೆಗೆದುಕೊಂಡು ನನ್ನ ಬಳಿ ಬಂದು, ಒಂದು ಸಾಲಾದರೂ ಹೆಚ್ಚಿಗೆ ಇಡಲು ಬರುವುದೇ ಎಂದು ಕೇಳಿದಳು. ನಾನು ಆಗಲೇ ಆ ಹಾಳೆಯನ್ನು ಪರಿಶೀಲಿಸಿದ್ದೆ. ಮಾಸ್ತರರ ಹುಟ್ಟಿದ ವರ್ಷ ಶಾಲೆಯ ದಾಖಲೆಯಲ್ಲಿ ಒಂದಿತ್ತು, ಮನೆಯವರು ಹೇಳಿದ್ದು ಇನ್ನೊಂದಿತ್ತು. ಸೈಕಲ್ಲಿನ ವಿಷಯದಲ್ಲಿ ಯಾವ ದಾಖಲೆಯೂ ಇರಲಿಲ್ಲ. ಆಧಾರವಿಲ್ಲದ ಸಾಲುಗಳನ್ನು ತೆಗೆದರೆ ಸುದ್ದಿಗೆ ನಷ್ಟವಿಲ್ಲವೆಂದು ಹೇಳಿದೆ.

“ಅವರು ನನಗ ಪೇಪರ್ ಓದಲಿಕ್ಕ ಕಲಿಸಿದ್ದಕ್ಕ ನಾನೇ ಆಧಾರ ಅಲ್ಲೇನು ಕಾಕಾ?”

ಪ್ರಕರಣದಲ್ಲಿ ಹಿತಾಸಕ್ತಿಯುಳ್ಳವರ ಸಾಕ್ಷ್ಯಕ್ಕೆ ಸಂಶೋಧನೆಯಲ್ಲಿ ಹೆಚ್ಚಿನ ಬೆಲೆಯಿಲ್ಲವೆಂದು ನಾನು ವಿವರಿಸಿದೆ. ಅವಳು ನಾನು ಹೇಳುವುದನ್ನು ಪೂರ್ತಿ ಕೇಳಿ, ಹಾಳೆಯನ್ನು ಅಚ್ಚುಕಟ್ಟಾಗಿ ಮಡಚಿ, “ಆಯ್ತು ಬಿಡ್ರಿ, ಒಂದ ಸಾಲು,” ಎಂದು ನಕ್ಕಳು. ನಕ್ಕಿದ್ದನ್ನು ಒಪ್ಪಿಗೆಯೆಂದು ದಾಖಲಿಸಿಕೊಂಡೆ.

ಸಂಜೆ ಮುಖ್ಯಸ್ಥರು, ಜನ ನೋಡುವಂತೆಯೇ ತಾವೂ ನೋಡಬೇಕೆಂದು ಹೇಳಿ ಕೆಳಗಿನ ಝೆರಾಕ್ಸ್ ಅಂಗಡಿಯ ಟಿ.ವಿ.ಯ ಮುಂದೆ ಹೋಗಿ ಕುಳಿತರು. ಮೇಲೆ ಉಳಿದವರು ನಾವು ಮೂವರು: ಮೇಜಿನ ಹಿಂದೆ ಅವಳು, ಕ್ಯಾಮೆರಾದ ಹಿಂದೆ ಮಾಲೀಕ, ಅವನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನು. ಪರದೆಯ ಮೂಲೆಯಲ್ಲಿ ‘ನೇರ ಪ್ರಸಾರ’ ಎಂಬ ಕೆಂಪು ಅಕ್ಷರಗಳನ್ನು ಹಾಕಿದ ಮಾಲೀಕ ಅವು ಆರಿಹೋದಾವೆಂಬಂತೆ ಪದೇ ಪದೇ ನೋಡುತ್ತಿದ್ದ.

ಅವಳು ಅಂದು ಓದಿದಂತೆ ಮತ್ತೆಂದೂ ಓದಿದ್ದನ್ನು ನಾನು ಕೇಳಿಲ್ಲ. ಶಹಾಬಾದಿನ ನಳದ ಸುದ್ದಿ ನೀರು ಹರಿದಂತೆ ಬಂತು. ನಿಜದಲ್ಲಿ ಆ ನಳದಲ್ಲಿ ನೀರು ಹಾಗೆ ಎಂದೂ ಹರಿದದ್ದಿಲ್ಲ. ಕಾಗಿಣಾ ಹೊಳೆಯ ಸೇತುವೆಯ ದುರಸ್ತಿ, ಚಿಂಚೋಳಿಯ ಬಸ್ಸು, ವಾಡಿಯ ಬೀದಿದೀಪ ಎಲ್ಲವೂ ಒಂದು ಉಸಿರೂ ಆಚೀಚೆಯಾಗದೆ ಮುಗಿದವು. ಆಮೇಲೆ ನಿಧನವಾರ್ತೆಯ ಆ ಒಂದು ಸಾಲು: ನಿವೃತ್ತ ಕನ್ನಡ ಶಿಕ್ಷಕರು, ಊರು, ನಿನ್ನೆ ನಿಧನರಾದರು. ಮುಂದಿನ ಹಾಳೆ ಸೇಡಂನ ತೊಗರಿ ಧಾರಣೆ.

ಅವಳು ತೊಗರಿಗೆ ಹೋಗಲಿಲ್ಲ. ಮಾತು ನಿಂತುಹೋಯಿತು.

ಮಾಲೀಕ ಕ್ಯಾಮೆರಾದ ಹಿಂದಿನಿಂದ ಮುಂದುವರಿಸೆಂದು ಕೈ ಬೀಸಿದ. ಆಮೇಲೆ ಎರಡೂ ಕೈ ಬೀಸಿದ. ಅವಳು ನೋಡಲಿಲ್ಲ. ಒಂದು ಗೂಡ್ಸ್ ಗಾಡಿ ನಿಧಾನವಾಗಿ ದಾಟಿಹೋಗುವಷ್ಟು ಹೊತ್ತು ವಾಹಿನಿಯ ಮೇಲೆ ಒಂದು ಶಬ್ದವೂ ಇರಲಿಲ್ಲ. ನನಗೆ ಕೂಡಲೇ ಎಲ್ಲವೂ ಅರ್ಥವಾಯಿತು. ಹಳಿಯ ಮೇಲಿನ ಆ ಪರಿಚಿತ ಗಡಗಡವನ್ನು ನಾನು ಕೇಳಿದೆ. ಲೋಟದಲ್ಲಿ ನೀರು ನಡುಗಿದ್ದನ್ನೂ, ಅವಳ ಕುತ್ತಿಗೆ ಕಲ್ಲಿನಂತೆ ನೆಟ್ಟಗೆ ನಿಂತದ್ದನ್ನೂ ಕಂಡೆ. ಅಭ್ಯಾಸ ತಲೆಯಾಟವನ್ನು ಗೆದ್ದಿತ್ತು. ಆಮೇಲೆ ಅವಳು, ‘ಸೇಡಂ ಮಾರುಕಟ್ಟೆಯಲ್ಲಿ ತೊಗರಿ’ ಎಂದು ಏನೂ ಆಗದವಳಂತೆ ಮುಂದುವರಿಸಿ ಕೊನೆಯ ನಮಸ್ಕಾರದವರೆಗೆ ತಪ್ಪಿಲ್ಲದೆ ಓದಿದಳು.

ಮುಖ್ಯಸ್ಥರು ಮೆಟ್ಟಿಲೇರಿ ಬಂದ ಸದ್ದಿನಲ್ಲೇ ತೀರ್ಪು ಕೇಳಿಸುತ್ತಿತ್ತು.

“ಏನಾಯ್ತ್ರಿ? ಲೈವ್‌ನ್ಯಾಗ ಬಾಯಿ ಮುಚ್ಕೊಂಡು ಕುಂತ್ರ ಮಂದಿ ಚಾನೆಲ್ ಬದಲಿ ಮಾಡ್ತಾರ. ಹಾಳಿ ಮರ್ತು ಹೋಯ್ತೇನು?”

“ಗೂಡ್ಸ್ ಬಂದಿತ್ತು ಸರ್,” ಎಂದಳು ಅವಳು, ಕಣ್ಣು ಮೇಲೆತ್ತದೆ.

“ನನಗ ಕೇಳಲಿಲ್ಲಲ್ಲ.”

ಇಲ್ಲಿ ನಾನು ಎದ್ದು ನಿಂತೆ. ನನ್ನ ಸೇವಾವಧಿಯುದ್ದಕ್ಕೂ ಪರಿಶೀಲಿಸದ ಯಾವ ಸಂಗತಿಗೂ ನಾನು ಸಹಿ ಹಾಕಿದವನಲ್ಲ, ಆ ತೂಕವೆಲ್ಲ ದನಿಯಲ್ಲಿ ಬರುವಂತೆ ಹೇಳಿದೆ: “ನಾ ಕೇಳೀನ್ರಿ. ಲೋಟದಾಗಿನ ನೀರು ನಡುಗಿದ್ದು ಈ ಕಣ್ಣಿಂದ ನೋಡೀನಿ. ಗಾಡಿ ಬಂದಾಗ ನಿಲ್ಲೋದು ಇಲ್ಲಿಯ ಪದ್ಧತಿ, ಆ ಹುಡುಗಿ ತಪ್ಪಲ್ಲ.”

ಕೆಳಗೆ ಟಿ.ವಿ.ಯ ಸದ್ದಿನಲ್ಲಿ ಅವರಿಗೆ ಕೇಳದೆ ಹೋಗಿರಬಹುದೆಂದೂ ಸೇರಿಸಿದೆ. ಮಾಲೀಕ ಹೌದೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ವಾಡಿಯಲ್ಲಿ ಹುಟ್ಟಿ ಬೆಳೆದವನಿಗೆ ಗಾಡಿ ಬಂದದ್ದೂ ಬರದದ್ದೂ ಒಂದೇ. ಮುಖ್ಯಸ್ಥರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಹೊರಡಲು ತಿರುಗಿದರು. ಅಷ್ಟರಲ್ಲಿ ಮಾಲೀಕನ ಫೋನು ಬಡಿದುಕೊಂಡಿತು. ಚಿಂಚೋಳಿಯಿಂದ, ಬಸ್ ನಿಲ್ದಾಣದ ಬಳಿ ಹೋಟೆಲು ನಡೆಸುವವನೊಬ್ಬ. ಎಲ್ಲರಿಗೂ ಕೇಳಿಸುವಂತೆ ಮಾಲೀಕ ಸ್ಪೀಕರ್ ಹಾಕಿದ.

“ಭಾಳ ಚಂದ ಮಾಡಿದ್ರಿ. ನೀವು ಮೌನ ಮಾಡಿದ್ದ ನೋಡಿ ನಮ್ಮ ಹೋಟೆಲ್‌ನ್ಯಾಗ ಕುಂತಾವ್ರೆಲ್ಲಾ ಎದ್ದು ನಿಂತ್ರು. ಚಹಾ ಕೈಯಾಗ ಹಿಡ್ಕೊಂಡೇ ನಿಂತ್ರು. ನಮ್ಮ ಮಾಸ್ತರಗ ಇಷ್ಟು ಮರ್ಯಾದಿ ಯಾವ ಚಾನೆಲ್‌ನವರೂ ಕೊಡೋದಿಲ್ರಿ.”

ಅದು ಮುಗಿಯುವಷ್ಟರಲ್ಲಿ ಶಹಾಬಾದಿನ ಕರೆ, ಅದರ ಹಿಂದೆ ಸೇಡಂನದು. ಮಾಸ್ತರರ ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲಿದ್ದರೋ ಅಲ್ಲಲ್ಲಿ ಎದ್ದು ನಿಂತಿದ್ದರು. ಅವರನ್ನು ಎಂದೂ ನೋಡದವರೂ, ನಿಂತವರನ್ನು ಕಂಡು ನಿಂತಿದ್ದರು. ಒಬ್ಬನೂ ವಾಹಿನಿ ಬದಲಿಸಿರಲಿಲ್ಲ. ಮುಖ್ಯಸ್ಥರು ಬಾಗಿಲಿನಿಂದ ಹಿಂದೆ ಬಂದು ಕುರ್ಚಿ ಎಳೆದುಕೊಂಡು ಕುಳಿತರು. ಮೂರನೆಯ ಕರೆಯ ನಂತರ ಅವಳ ಕಡೆ ತಿರುಗಿ, ಸಂಕ್ರಾಂತಿಯ ಮರುವಾರದಿಂದ ಕಲಬುರಗಿಗೆ ಬರಲು ಅನುಕೂಲವಾಗುವುದೇ ಎಂದು ಕೇಳಿದರು. ಆಮೇಲೆ, ತಾವು ಒಂದೇ ಸಾಲು ಇಟ್ಟದ್ದರಿಂದಲೇ ಮೌನ ಅಷ್ಟು ಚೆನ್ನಾಗಿ ಕೂತಿತೆಂದು ಸೇರಿಸಿದರು.

ಮನೆಗೆ ಬಂದು ನೋಡಿದರೆ ಇಲ್ಲಿಯೂ ಅದೇ ಕಥೆ. ಹೆಂಡತಿ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಎದ್ದು ನಿಂತಿದ್ದಳಂತೆ. ಹೆಂಚಿನ ಮೇಲಿದ್ದ ರೊಟ್ಟಿ ಮಾಸ್ತರರ ಗೌರವಾರ್ಥ ಸೀದುಹೋಗಿತ್ತು. ಸಿಲಿಂಡರ್ ಉರುಳಿಸುತ್ತ ನಾನು ನಿಜ ಸಂಗತಿಯನ್ನು ತಿಳಿಸಿದೆ: ಅದು ಮೌನಾಚರಣೆಯಲ್ಲ, ಕಲ್ಲಿದ್ದಲಿನ ಗಾಡಿ.

“ಗಾಡಿ ಬಂದಿದ್ರ ಟಿ.ವಿ.ನ್ಯಾಗ ನಮಗ ಕೇಳ್ತಿದ್ದಿಲ್ಲೇನ್ರಿ?” ಎಂದಳು.

ಮೈಕು ಒಂದು ದಿಕ್ಕಿನ ಶಬ್ದವನ್ನಷ್ಟೇ ಹಿಡಿಯುತ್ತದೆಂದು ನಾನು ವಿವರಿಸಿದೆ. ಹಾಗಿದ್ದರೆ ಇಷ್ಟು ವರ್ಷ ಗಾಡಿ ಬಂದಾಗಲೆಲ್ಲ ಏಕೆ ನಿಲ್ಲಿಸುತ್ತಿದ್ದರೆಂದು ಅವಳು ಕೇಳಿದಳು. ಸಿಲಿಂಡರ್ ಹೊಸ್ತಿಲಿಗೆ ಸಿಕ್ಕಿಕೊಂಡಿದ್ದರಿಂದ ಆ ಪ್ರಶ್ನೆಗೆ ಅಂದು ಉತ್ತರ ಕೊಡಲಾಗಲಿಲ್ಲ.

ತಪ್ಪು ತಿಳಿವಳಿಕೆಯೊಂದು ಇತಿಹಾಸವಾಗಿ ಗಟ್ಟಿಗೊಳ್ಳುವುದನ್ನು ನೋಡುತ್ತ ಕೂರುವುದು ನನ್ನ ಜಾಯಮಾನವಲ್ಲ. ಮುಂದಿನ ತಿಂಗಳುಗಳಲ್ಲಿ ಚಿತ್ತಾಪುರದ ಕ್ಷೌರದಂಗಡಿಯಲ್ಲಿ, ಸೇಡಂ ಬಸ್ಸಿನಲ್ಲಿ, ನಾಲವಾರದ ಮಠದ ಪ್ರಸಾದದ ಸಾಲಿನಲ್ಲಿ, ಯಾರೇ ಆ ಮೌನವನ್ನು ಹೊಗಳಿದರೂ ನಾನು ಮಧ್ಯೆ ಪ್ರವೇಶಿಸಿ ಗೂಡ್ಸ್ ಗಾಡಿಯನ್ನು ಅದರ ಸ್ಥಾನದಲ್ಲಿ ನಿಲ್ಲಿಸಿದೆ. ಯಾರೂ ಕೃತಜ್ಞರಾಗಲಿಲ್ಲ. ಸೇಡಂ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದವನೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಿಮಗ ಕಲಿಸಿದ ಮಾಸ್ತರು ಸತ್ತಾಗೂ ನೀವು ಗಾಡೀನ ಎಣಿಸ್ಕೋತ ಕುಂತಿದ್ರೇನ್ರಿ ಯಜಮಾನ್ರ?” ಎಂದು ಕೇಳಿ, ಬೇರೆ ಜಾಗ ಖಾಲಿಯಿಲ್ಲದಿದ್ದರೂ ಎದ್ದು ಹೋಗಿ ನಿಂತುಕೊಂಡ. ಸತ್ತವರು ಅವಳ ಗುರುಗಳೇ ಆಗಿದ್ದರಲ್ಲ ಎಂದು ಕೆಲವರು ವಾದಿಸಿದರು. ಅದು ಕಾಕತಾಳೀಯ, ಕಾಕತಾಳೀಯವು ಆಧಾರವಾಗಲಾರದು ಎಂದೆ. ಈ ವಾಕ್ಯ ನನಗೆ ಬಹಳ ಹಿಡಿಸಿತ್ತಾದ್ದರಿಂದ ಹಲವು ಕಡೆ ಬಳಸಿದೆ.

ಅವಳು ಈಗ ಕಲಬುರಗಿಯಲ್ಲಿ ಸಂಜೆಯ ಸುದ್ದಿ ಓದುತ್ತಾಳೆ. ಅಲ್ಲಿಯ ಗೋಡೆಗಳಿಗೆ ಹತ್ತಿಯ ಮೆತ್ತೆ. ಒಳಗೆ ಕುಳಿತರೆ ಗಾಡಿಯಲ್ಲ, ಗುಡುಗೂ ಕೇಳದು. ಮುಖ್ಯಸ್ಥರು ಆ ಮೌನವನ್ನು ತಾವೇ ಕಂಡುಹಿಡಿದದ್ದೆಂದು ಈಗ ಎಲ್ಲೆಡೆ ಹೇಳಿಕೊಳ್ಳುತ್ತಾರೆ. ಗಣ್ಯರ ನಿಧನವಾರ್ತೆಯ ನಂತರ ಅಲ್ಲಿ ಮೌನ ಕಡ್ಡಾಯ, ಮೌನಕ್ಕೆ ಪ್ರಾಯೋಜಕರೂ ಇದ್ದಾರೆ. ಪರದೆಯ ಕೆಳಗೆ ಮಿಕ್ಸರ್ ಅಂಗಡಿಯ ಜಾಹೀರಾತು ಸದ್ದಿಲ್ಲದೆ ಹರಿಯುತ್ತದೆ. “ಸುಮ್ಮ ಕುಂತಾಗ ಕಿವ್ಯಾಗ ಹೇಳ್ತಾರ ಕಾಕಾ, ಸಾಕು, ಮುಂದಕ್ಕ ಹೋಗ್ರಿ ಅಂತ,” ಎಂದು ಅವಳು ಒಮ್ಮೆ ನಕ್ಕಿದ್ದಳು. “ವಾಡ್ಯಾಗ ಛಲೋ ಇತ್ತು. ಗಾಡಿ ಪೂರಾ ಹೋಗೋತನಕ ಯಾರೂ ಏನೂ ಅಂತಿದ್ದಿಲ್ಲ.”

ವಾಡಿಯ ಮೇಲಿನ ಕೋಣೆಗೆ ಹೇಳಿದಂತೆಯೇ ಬೀಗ ಬಿತ್ತು. ಹಳೆಯ ಮುದ್ರಿಕೆಗಳನ್ನು ಅಳಿಸುವ ಮುನ್ನ ಬೇಕಾದುದನ್ನು ತೆಗೆದುಕೊಳ್ಳಿರೆಂದು ಮಾಲೀಕ ನನಗೆ ಒಂದು ಪೆನ್‌ಡ್ರೈವಿನಲ್ಲಿ ತುಂಬಿಕೊಟ್ಟ. ನಾನದನ್ನು ಬಹುಕಾಲ ಹಾಗೆಯೇ ಇಟ್ಟಿದ್ದೆ. ಕಣ್ಣಾರೆ ಕಂಡದ್ದಕ್ಕೆ ಇನ್ನೊಂದು ಆಧಾರ ಬೇಕೆನ್ನಿಸಿರಲಿಲ್ಲ. ಈ ಬರಹಕ್ಕೆ ಕುಳಿತಾಗ ದಿನಾಂಕವೊಂದನ್ನು ಖಚಿತಪಡಿಸಿಕೊಳ್ಳೋಣವೆಂದು ಮೊನ್ನೆ ತೆರೆದು ನೋಡಿದೆ. ದಿನಾಂಕ ಕ್ಯಾಲೆಂಡರಿಗೆ ಸರಿಯಾಗಿ ಹೊಂದಿತು. ಮುಂದಿನದನ್ನು ನೋಡಿ, ಮತ್ತೊಮ್ಮೆ ನೋಡಿ, ಅವಳಿಗೆ ಫೋನ್ ಮಾಡಿದೆ. ಅಂದು ಗಾಡಿ ಬಂದಿತ್ತೇ ಎಂದು ಕೇಳಿದೆ.

“ಸಾಕ್ಷಿ ಹೇಳಿದವರು ನೀವು ಕಾಕಾ. ನನ್ನ ಯಾಕ ಕೇಳ್ತೀರಿ?” ಎಂದಳು. ಇದನ್ನೆಲ್ಲ ಬರೆಯುತ್ತಿದ್ದೇನೆಂದು ತಿಳಿಸಿದೆ.

“ಬರೀರಿ. ಆದ್ರ ಗಾಡಿ ಬಂದಿತ್ತು ಅಂತನೇ ಬರೀರಿ. ನಿಮ್ಮ ಮಾತು ನಂಬಿ ನನಗ ಕೆಲಸ ಕೊಟ್ಟಾರ.”

ಕೆಲಸ ಕೊಟ್ಟದ್ದು ನನ್ನ ಮಾತನ್ನು ನಂಬಿಯಲ್ಲವೆಂಬುದು ನಮ್ಮಿಬ್ಬರಿಗೂ ಗೊತ್ತು. ಆದರೂ ಅವಳ ಕೋರಿಕೆಯನ್ನು ಮನ್ನಿಸಿ ಶೀರ್ಷಿಕೆಯಲ್ಲಿ ಗಾಡಿಯನ್ನು ಉಳಿಸಿಕೊಂಡಿದ್ದೇನೆ. ಮುದ್ರಿಕೆಯನ್ನು ಹೆಂಡತಿಗೆ ಇನ್ನೂ ತೋರಿಸಿಲ್ಲ. ಸಂಶೋಧನೆಯ ಶಿಸ್ತಿಗಾಗಿ ಅದರಲ್ಲಿರುವುದನ್ನು ಇಲ್ಲಿ ನಮೂದಿಸುತ್ತೇನೆ.

ಮೇಜಿನ ಮೇಲೆ ನೀರಿನ ಲೋಟವಿಲ್ಲ. ಅದು ಚಹಾದಂಗಡಿಯಂತೆ ಕಾಣುತ್ತದೆಂದು ಮುಖ್ಯಸ್ಥರು ಮಧ್ಯಾಹ್ನವೇ ತೆಗೆಸಿ ಅಲ್ಲಿ ಪ್ಲಾಸ್ಟಿಕ್ ಹೂವಿನ ಗುಚ್ಛ ಇರಿಸಿದ್ದರೆಂಬುದು ಈಗ ನೆನಪಾಗುತ್ತದೆ. ಮಾತು ನಿಂತಲ್ಲಿಂದ ತೊಗರಿ ಶುರುವಾಗುವವರೆಗೆ ಕೆಳಗಿನ ಝೆರಾಕ್ಸ್ ಯಂತ್ರದ ಸದ್ದು ಕೇಳುತ್ತದೆ, ಪ್ಲಾಸ್ಟಿಕ್ ಕುರ್ಚಿ ಕಿರುಗುಟ್ಟುತ್ತದೆ, ನಾನು ಗಂಟಲು ಸರಿಪಡಿಸಿಕೊಂಡದ್ದೂ ಸ್ಪಷ್ಟವಾಗಿದೆ. ಗಾಡಿಯ ಸದ್ದಿಲ್ಲ. ಮತ್ತು ನೊಣ ಕೂತಾಗಲೂ ಅಲುಗದಿದ್ದ ಆ ಕುತ್ತಿಗೆ, ‘ನಿಧನರಾದರು’ ಎಂದ ಮರುಕ್ಷಣವೇ ಬಾಗಿ, ಮೌನ ಮುಗಿಯುವವರೆಗೂ ಬಾಗಿಯೇ ಇದೆ.